ಕೀಮೋಗೆ ಮುಂಚೆ ಕೇಳಬೇಕಾದ ಮಾತು

ಕೇಳುಗರಿಗೆ ನಮಸ್ಕಾರ. ಚನ್ನಗಿರಿ, ಜಗಳೂರು ಕಡೆ ಹಸು ಬೆದೆಗೆ ಬಂದರೆ ಪಶು ಡಾಕ್ಟರಿಗೆ ಫೋನ್ ಹೋಗುತ್ತದೆ. ಅವರು ಕ್ಯಾನಿನ ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತದೆ, ಒಳಗಿಂದ ಹೋರಿಯ ವೀರ್ಯ ತುಂಬಿದ ಸಣ್ಣ ಕಡ್ಡಿಯೊಂದು ಹೊರಬರುತ್ತದೆ. ಹೋರಿಯ ವೀರ್ಯದ ಬಗ್ಗೆ ಕಟ್ಟೆ ಮೇಲೆ ಕೂತು ಮಾತಾಡುವ ನಾವು, ಗಂಡಸರ ವೀರ್ಯ ಎಂದ ಕೂಡಲೇ ರೇಡಿಯೋ ಸೌಂಡ್ ಕಮ್ಮಿ ಮಾಡುತ್ತೇವೆ. ಇವತ್ತೊಂದಿನ ಬೇಡ.

ಕ್ಯಾನ್ಸರಿಗೆ ಕೊಡುವ ಕೀಮೋ, ರೇಡಿಯೇಷನ್‌ನಿಂದ ವೀರ್ಯಾಣು ಹುಟ್ಟುವುದೇ ನಿಂತುಹೋಗಬಹುದು. ಕೆಲವರಿಗೆ ಆಮೇಲೆ ಸರಿಹೋಗುತ್ತದೆ, ಕೆಲವರಿಗೆ ಇಲ್ಲ. ಅದಕ್ಕೇ ಮುಂದೆ ಮಕ್ಕಳು ಬೇಕೆನ್ನುವವರು ಮೊದಲ ಡೋಸಿಗೂ ಮುಂಚೆ ವೀರ್ಯ ಕೂಡಿಡಬೇಕು, ಅಂದರೆ ವೀರ್ಯ ಬ್ಯಾಂಕಿನಲ್ಲಿ ಫ್ರೀಜ್ ಮಾಡಿಸಿಡಬೇಕು.

ಮೊದಲು ಎಚ್‌ಐವಿ, ಹೆಪಟೈಟಿಸ್ ರಕ್ತಪರೀಕ್ಷೆ. ಸಾಮಾನ್ಯವಾಗಿ 2ರಿಂದ 7 ದಿನ ವೀರ್ಯ ಹೋಗದಂತೆ ಇದ್ದು ಬರಲು ಹೇಳುತ್ತಾರೆ. ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲೇ ಹಿಡಿಯಬೇಕು. ಸೋಪು, ಎಣ್ಣೆ ತಾಗಬಾರದು.

ಆಗಷ್ಟೇ ಬಂದ ವೀರ್ಯ ಲೋಳೆಯಾಗಿರುತ್ತದೆ. 37 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ ಇಟ್ಟರೆ ನೀರಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಎಷ್ಟಿವೆ, ಎಷ್ಟು ಓಡಾಡುತ್ತಿವೆ ಎಂದು ಎಣಿಸುತ್ತಾರೆ. ಇನ್ನು ನಾಜೂಕಿನ ಕೆಲಸ. ಸುಮ್ನೆ ಫ್ರೀಜ್ ಮಾಡಿದರೆ ಒಳಗಿನ ನೀರು ಮಂಜುಗಡ್ಡೆಯಾಗಿ ವೀರ್ಯಾಣುವನ್ನೇ ಸೀಳುತ್ತದೆ. ಅದನ್ನು ತಡೆಯಲು ಗ್ಲಿಸರಾಲ್ ಇರುವ ದ್ರಾವಣ ಬೆರೆಸುತ್ತಾರೆ. ಗ್ಲಿಸರಾಲ್‌ನ ಈ ಗುಣ ಹುಂಜದ ವೀರ್ಯದಲ್ಲಿ ಗೊತ್ತಾಗಿದ್ದು 1949ರಲ್ಲಿ, ಇಂಗ್ಲೆಂಡಿನಲ್ಲಿ. ಒಂದೇ ಸಲ ಸುರಿಯುವ ಹಾಗಿಲ್ಲ. ಒಂದು ಹನಿ, ಟ್ಯೂಬು ಮೆಲ್ಲಗೆ ಅಲುಗಿಸು, ಮತ್ತೊಂದು ಹನಿ. ಅವಸರ ಮಾಡಿದರೆ ಆ ಏಟಿಗೇ ಸಾಯುತ್ತವೆ.

ಆಮೇಲೆ ಸಣ್ಣ ಟ್ಯೂಬುಗಳಿಗೆ ತುಂಬಿ, ಹೆಸರು, ನಂಬರು, ತಾರೀಕು ಬರೆದು, ದ್ರವ ಸಾರಜನಕದ ಆವಿಯಲ್ಲಿ ತಣಿಸಿ, ಕೊನೆಗೆ ಮೈನಸ್ 196 ಡಿಗ್ರಿಯಲ್ಲಿ ಮುಳುಗಿಸುತ್ತಾರೆ.

ಇಷ್ಟೆಲ್ಲ ಮಾಡಿದರೂ ಕರಗಿಸಿದಾಗ ಹೆಚ್ಚುಕಮ್ಮಿ ಅರ್ಧದಷ್ಟು ಏಳುವುದೇ ಇಲ್ಲ. ಹಾಗಾಗಿ ಟೈಮ್ ಇದ್ದರೆ ಎರಡು ಮೂರು ಸಲ ಕೊಡಿ. ಇಲ್ಲದಿದ್ದರೆ ಒಂದೇ ಸಲ ಆದರೂ ಸರಿ. ಒಂದು ಅಂಡಕ್ಕೆ ಒಂದೇ ವೀರ್ಯಾಣು ಚುಚ್ಚಿ ಸೇರಿಸುವ ವಿಧಾನ ಈಗ ಇದೆಯಲ್ವಾ.

ಮಕ್ಕಳಾಗಲು ನೆರವಾಗುವ ಚಿಕಿತ್ಸೆಗಳ ಬಗ್ಗೆ ಇರುವ 2021ರ ಕಾನೂನಿನ ಪ್ರಕಾರ ವೀರ್ಯ ಬ್ಯಾಂಕು ನೋಂದಣಿ ಆಗಿರಲೇಬೇಕು. ಅದನ್ನು ಮೊದಲು ಕೇಳಿ. ನೀವು ತೀರಿಕೊಂಡರೆ ಇದನ್ನೇನು ಮಾಡಬೇಕು ಎಂದೂ ಬರೆದು ಸಹಿ ಮಾಡಿಸಿಕೊಳ್ಳುತ್ತಾರೆ. ಇಪ್ಪತ್ತರ ಹುಡುಗನಿಗೆ ಅದನ್ನು ಓದುವುದು ಕಷ್ಟವೇ. ಆದರೂ ಅಪ್ಪ ಹೊರಗೆ ಕೂರಲಿ, ಹುಡುಗನೇ ಓದಿ ಸಹಿ ಹಾಕಲಿ. ವರ್ಷಕ್ಕೆ ಫೀಸು ಎಷ್ಟೆಂದು ಅಲ್ಲೇ ಕೇಳಿಕೊಳ್ಳಿ, ಫೋನ್ ನಂಬರು ಬದಲಾದರೆ ಬ್ಯಾಂಕಿಗೆ ತಿಳಿಸಿ.