ಸತ್ತವರ ಹೆಸರಿಗೆ ಹೋಗುವ ನೋಟಿಸು

ಎಲ್ಲರಿಗೂ ನಮಸ್ಕಾರ.

"ಪುರಸಭೆ ಕಾನೂನಿನ ಬಗ್ಗೆ ಒಂದು ಗಂಟೆ ಮಾತಾಡಿ ಸಾರ್" ಅಂತ ಗ್ರಂಥಾಲಯದವರು ಫೋನ್ ಮಾಡಿದಾಗ, ಈ ಮಳೆಯಲ್ಲಿ ಯಾರು ಬರುತ್ತಾರೆ ಅಂದುಕೊಂಡಿದ್ದೆ. ಬಂದು ನೋಡಿದರೆ ಕುರ್ಚಿ ಸಾಲದೆ ಹಿಂದೆ ನಿಂತಿದ್ದೀರಿ. ಕಾರಣ ನನ್ನ ಮಾತಲ್ಲ, ಅದು ಗೊತ್ತು. ಪಕ್ಕದ ಖಾಲಿ ಸೈಟಿನ ಮೇಲೆ ಸಿಟ್ಟಿಲ್ಲದ ಮನೆ ನಮ್ಮೂರಿನಲ್ಲಿ ಬಹಳ ಕಡಿಮೆ.

ನಮ್ಮ ಮನೆ ಪಕ್ಕದಲ್ಲೂ ಒಂದಿದೆ. ಮೂವತ್ತು ನಲವತ್ತರ ಸೈಟು. ಹೋದ ಮಳೆಗಾಲಕ್ಕೆ ಮುಂಚೆ ಯಾರೋ ಬಾತ್‌ರೂಮ್ ರಿಪೇರಿ ಮಾಡಿಸಿ, ಹಳೆಯ ಬಿಳಿ ಕಮೋಡನ್ನು ತಂದು ಅಲ್ಲಿ ಎಸೆದು ಹೋದರು. ಅಂಚು ಒಡೆದಿತ್ತು, ಹೊಟ್ಟೆ ಮಾತ್ರ ಗಟ್ಟಿಯಾಗಿತ್ತು. ಎರಡು ಮಳೆಗೆ ತುಂಬಿತು. ಒಂದು ವಾರ ಬಿಟ್ಟು ಬಗ್ಗಿ ನೋಡಿದೆ. ದಾರದ ತುಂಡುಗಳ ಹಾಗೆ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ನಾನೇ ಕವುಚಿ ಹಾಕಬಹುದಿತ್ತು ಅಲ್ವಾ? ಹಾಕಿದೆ. ಮುಂದಿನ ವಾರ ಅದರ ಪಕ್ಕ ಎರಡು ಟೈರು ಬಂದು ಕೂತಿದ್ದವು.

ಪುರಸಭೆಗೆ ಹೋದೆ. "ಅದು ಖಾಸಗಿ ಜಾಗ ಸಾರ್, ನಮಗೆ ಬರಲ್ಲ" ಅಂದರು. ಇದೇ ಮಾತನ್ನು ನಿಮ್ಮಲ್ಲಿ ಎಷ್ಟೋ ಜನ ಕೇಳಿಸಿಕೊಂಡು ವಾಪಸ್ ಬಂದಿರುತ್ತೀರಿ. ನಾನು ಮೂವತ್ತು ವರ್ಷ ತಾಲ್ಲೂಕು ಕೋರ್ಟಿನಲ್ಲಿ ಕರಿ ಕೋಟು ಹಾಕಿದವನು. ಆದರೂ ಒಂದು ಕ್ಷಣ "ಹೌದಲ್ಲ" ಅನ್ನಿಸಿಬಿಟ್ಟಿತು. ಬೇಲಿಯ ಒಳಗಿನದು ಅವರಿಗೆ, ಹೊರಗಿನದು ಸರ್ಕಾರಕ್ಕೆ ಅನ್ನುವುದು ನಮ್ಮ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ.

ಕಾನೂನು ಹಾಗೆ ಹೇಳುವುದಿಲ್ಲ. ನಾವೆಲ್ಲ ದಿನಾ ಬಳಸುವ ನ್ಯೂಸೆನ್ಸ್ ಅನ್ನುವ ಮಾತಿಗೆ 1860ರ ದಂಡ ಸಂಹಿತೆಯಲ್ಲೇ ಅರ್ಥ ಕೊಟ್ಟಿದ್ದಾರೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 270ನೇ ಕಲಂ. ಸುತ್ತಮುತ್ತ ಇರುವವರಿಗೆ ಹಾನಿ, ಅಪಾಯ, ಕಿರಿಕಿರಿ ಆಗುವಂಥದ್ದನ್ನು ಮಾಡುವುದು ತಪ್ಪು. ಮಾಡಲೇಬೇಕಾದ್ದನ್ನು ಮಾಡದೆ ಬಿಟ್ಟು ಹಾಗಾದರೆ ಅದೂ ತಪ್ಪು. ಆ ಎರಡನೆಯದನ್ನು ನೆನಪಿಟ್ಟುಕೊಳ್ಳಿ. "ನಾನೇನೂ ಮಾಡಿಲ್ಲ ಸ್ವಾಮಿ, ಸೈಟು ಸುಮ್ನೆ ಬಿದ್ದಿದೆ" ಅನ್ನುವುದು ಉತ್ತರವಲ್ಲ. ಸುಮ್ನೆ ಬಿಟ್ಟಿದ್ದೇ ದೂರು. ಜಾಗ ಯಾರದು ಅನ್ನುವುದು ಆಮೇಲಿನ ಮಾತು. ತೊಂದರೆ ಗೋಡೆ ದಾಟಿತೇ ಅನ್ನುವುದು ಮೊದಲ ಪ್ರಶ್ನೆ. ಸೊಳ್ಳೆಗೆ ಚೆಕ್ಕುಬಂದಿ ಗೊತ್ತಿರುವುದಿಲ್ಲ.

ಹಾಗಂತ ಶಿಕ್ಷೆ ಎಷ್ಟು? ಹಳೆಯ ದಂಡ ಸಂಹಿತೆಯಲ್ಲಿ ಇದಕ್ಕೆ ಹೆಚ್ಚೆಂದರೆ 200 ರೂಪಾಯಿ ದಂಡ ಇತ್ತು. 1860ರಲ್ಲಿ ಅದು ಎದೆ ಒಡೆಯುವ ಮೊತ್ತ. 2024ರ ಜುಲೈ 1ರಂದು ಹೊಸ ಸಂಹಿತೆ ಬರುವವರೆಗೂ ಅದೇ 200. ಈಗ 1,000 ಆಗಿದೆ. ಇಷ್ಟು ಹಣಕ್ಕೆ ಯಾರೂ ಸೈಟು ಕ್ಲೀನ್ ಮಾಡಿಸುವುದಿಲ್ಲ. ಜೆ.ಸಿ.ಬಿ.ಯವರು ಒಂದು ಗಂಟೆಗೆ ಅದಕ್ಕಿಂತ ಜಾಸ್ತಿ ಕೇಳುತ್ತಾರೆ. ಆದ್ದರಿಂದ ದಂಡದ ಕಡೆ ನೋಡಬೇಡಿ, ಆದೇಶದ ಕಡೆ ನೋಡಿ. ತೆಗೆಸಿ, ಮುಚ್ಚಿಸಿ, ಬೇಲಿ ಹಾಕಿಸಿ ಅನ್ನುವ ಆದೇಶವೇ ನಮಗೆ ಬೇಕಾದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸೊಳ್ಳೆಯ ವಿಷಯ ಮುಗಿಸುತ್ತೇನೆ, ಅದು ಹೊಸದು. 2024ರಲ್ಲಿ ಡೆಂಗಿ ಜಾಸ್ತಿಯಾದಾಗ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಇಟ್ಟಿತು. ಪಟ್ಟಣದಲ್ಲಿ ಮನೆಗೆ 400 ರೂಪಾಯಿ, ಅಂಗಡಿ ಹೋಟೆಲಿನಂಥ ಕಡೆ 1,000, ಕಟ್ಟಡ ಏಳುತ್ತಿರುವ ಜಾಗ ಮತ್ತು ಪಾಳು ಬಿಟ್ಟ ಜಾಗಕ್ಕೆ 2,000. ಹಳ್ಳಿಯಲ್ಲಿ ಇದರ ಅರ್ಧ. ಖಾಸಗಿ ಜಾಗ ನಮಗೆ ಬರಲ್ಲ ಅನ್ನುವ ಮಾತಿಗೆ ಇಷ್ಟು ನೇರವಾದ ಉತ್ತರ ಇನ್ನೊಂದಿಲ್ಲ. ಆ ಕಾಗದ ಹಿಡಿದುಕೊಂಡು ಎರಡನೇ ಸಲ ಹೋದೆ. ಹೆಲ್ತ್ ಇನ್‌ಸ್ಪೆಕ್ಟರ್ ಒಳ್ಳೆಯ ಹುಡುಗ. "ಬನ್ನಿ ಸಾರ್, ಈಗಲೇ ನೋಡೋಣ" ಅಂತ ಬೈಕ್ ಹತ್ತಿದ. ಸೈಟು ನೋಡಿದ, ಫೋಟೋ ತೆಗೆದ. ಆಮೇಲೆ "ಸಾರ್, ನಿಮ್ಮ ಟೆರೇಸೂ ಒಂದು ಸಲ ನೋಡಿಬಿಡಲಾ?" ಅಂದ. ನೀರು ಬಿಡದ ದಿನಕ್ಕೆ ಇರಲಿ ಅಂತ ಮೇಲೆ ಇಟ್ಟಿದ್ದ ನೀಲಿ ಡ್ರಮ್ಮಿಗೆ ಮುಚ್ಚಳ ಇರಲಿಲ್ಲ. ಅದರಲ್ಲೂ ಅದೇ ದಾರದ ತುಂಡುಗಳು. ನಮ್ಮ ಬೀದಿಯ ಮೊದಲ 400 ರೂಪಾಯಿ ರಸೀದಿ ನನ್ನ ಹೆಸರಿಗೇ ಬಂತು.

ನಗಬೇಡಿ, ನಿಮ್ಮ ಮನೆಗೂ ಬರುತ್ತಾನೆ. ಈ ಸೊಳ್ಳೆ ಬಹಳ ದೂರ ಹಾರುವುದಿಲ್ಲ. ನಮ್ಮನ್ನು ಕಚ್ಚುವುದು ಹೆಚ್ಚಾಗಿ ನಮ್ಮದೇ ಬೀದಿಯಲ್ಲಿ ಹುಟ್ಟಿದ್ದು. ಮೊಟ್ಟೆ ಇಟ್ಟ ಎಂಟು ಹತ್ತು ದಿನಕ್ಕೆ ರೆಕ್ಕೆ ಬರುತ್ತದೆ. ವಾರಕ್ಕೊಂದು ಸಲ ಡ್ರಮ್ಮು ಖಾಲಿ ಮಾಡಿ ತಿಕ್ಕಿ ತೊಳೆದರೆ ಅಲ್ಲಿಗೆ ಮುಗಿಯಿತು. ತಿಕ್ಕದಿದ್ದರೆ ಮೊಟ್ಟೆ ಡ್ರಮ್ಮಿನ ಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಇನ್ನು ಪಕ್ಕದ ಸೈಟಿನ ಕಥೆ. ಇನ್‌ಸ್ಪೆಕ್ಟರ್ ನೋಟಿಸು ತಯಾರು ಮಾಡಿದ. ಯಾರಿಗೆ? ಪುರಸಭೆ ಪುಸ್ತಕದಲ್ಲಿ ಇದ್ದ ಹೆಸರಿಗೆ. ಆ ಯಜಮಾನರು ತೀರಿಕೊಂಡು ಹತ್ತೊಂಬತ್ತು ವರ್ಷ ಆಗಿದೆ. ಅವರ ತಿಥಿ ಊಟಕ್ಕೆ ನಾನೇ ಹೋಗಿದ್ದೆ. ರಿಜಿಸ್ಟರ್ಡ್ ಪೋಸ್ಟು "ವಿಳಾಸದಾರರು ಮೃತರು" ಅಂತ ಷರಾ ಬರೆಸಿಕೊಂಡು ವಾಪಸ್ ಬಂತು. ಕಡತದಲ್ಲಿ ಅದನ್ನು ಹೊಲಿದು ಇಟ್ಟರು. ಕಾನೂನಿನ ಕೆಲಸ ಆಯಿತು, ಕಮೋಡು ಅಲ್ಲೇ ಇತ್ತು.

ನಮ್ಮಂಥ ಊರುಗಳ ನಿಜವಾದ ರೋಗ ಇದು. ಅಜ್ಜ ಸೈಟು ತಗೊಂಡಿರುತ್ತಾರೆ. ಅಪ್ಪ ಕಂದಾಯ ಕಟ್ಟಿರುತ್ತಾರೆ, ಅದೂ ಅಜ್ಜನ ಹೆಸರಿಗೆ. ಮಕ್ಕಳು ನಾಲ್ಕು ಕಡೆ ಇರುತ್ತಾರೆ. ಖಾತೆ ಬದಲಾಯಿಸೋಣ ಅಂದರೆ ಭಾಗದ ಜಗಳ ಎದ್ದು ಕೂರುತ್ತದೆ, ಹಾಗಾಗಿ ಯಾರೂ ಆ ಮಾತು ಎತ್ತುವುದಿಲ್ಲ. ಮಾರುವಾಗ, ಇಲ್ಲ ಸಾಲ ತೆಗೆಯುವಾಗ ಮಾತ್ರ ಖಾತೆ ನೆನಪಾಗುತ್ತದೆ. ಅಲ್ಲಿಯವರೆಗೆ ಆ ಸೈಟಿಗೆ ಕಾನೂನಿನ ಲೆಕ್ಕದಲ್ಲಿ ಒಬ್ಬ ಮಾಲೀಕ ಇದ್ದಾನೆ, ಊರಿನ ಲೆಕ್ಕದಲ್ಲಿ ಇಲ್ಲ. ಕಸ ಹಾಕುವವರಿಗೆ ಇದು ಮೂಗಿನಿಂದಲೇ ಗೊತ್ತಾಗುತ್ತದೆ. ಯಾವ ಸೈಟಿಗೆ ಕೇಳುವವರಿಲ್ಲವೋ ಅಲ್ಲಿಗೇ ಗಾಡಿ ಬರುತ್ತದೆ. ದೂರು ಬರೆಯುವ ಮುಂಚೆ ಅರ್ಧ ದಿನ ಈ ಹುಡುಕಾಟಕ್ಕೆ ಕೊಡಿ ಅನ್ನುವುದು ಅದಕ್ಕೇ. ಸ್ವತ್ತಿನ ನಂಬರ್, ನಾಲ್ಕು ಕಡೆಯ ಚೆಕ್ಕುಬಂದಿ, ವಾರಸುದಾರರಲ್ಲಿ ಈಗ ಯಾರು ಎಲ್ಲಿದ್ದಾರೆ, ಇಷ್ಟನ್ನು ದೂರಿನಲ್ಲೇ ಬರೆದುಕೊಟ್ಟರೆ ಪುರಸಭೆಯ ಅರ್ಧ ಕೆಲಸ ನೀವೇ ಮಾಡಿದ ಹಾಗೆ. "ನಮ್ಮ ಬೀದಿಯಲ್ಲಿ ಗಲೀಜು, ದಯವಿಟ್ಟು ಕ್ರಮ ಕೈಗೊಳ್ಳಿ" ಅಂತ ಬರೆದ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತದೆ, ಮೇಜಿನಿಂದ ಕೆಳಗೆ ಇಳಿಯುವುದಿಲ್ಲ. ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಬರೆದುಕೊಡುವ ಉತ್ತರ, ಕೇಳಿ ಪಡೆಯಿರಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ, ನನ್ನ ಅರ್ಜಿ ಈಗ ಯಾರ ಹತ್ತಿರ ಇದೆ ಅಂತ ಕೇಳಿ. ಮೂವತ್ತು ದಿನದಲ್ಲಿ ಹೇಳಬೇಕು.

ಅದಕ್ಕೂ ಜಗ್ಗದಿದ್ದರೆ? ಆಗ ಎ.ಸಿ., ಅಂದರೆ ಅಸಿಸ್ಟೆಂಟ್ ಕಮಿಷನರ್ ಸಾಹೇಬರು. ಭೂಮಿ ವ್ಯಾಜ್ಯಕ್ಕೆ ಮಾತ್ರ ಅವರ ಹತ್ತಿರ ಹೋಗುವುದು ಅಂತ ಬಹಳ ಜನ ತಿಳಿದಿದ್ದಾರೆ. ಅವರು ಉಪವಿಭಾಗದ ಮ್ಯಾಜಿಸ್ಟ್ರೇಟರೂ ಹೌದು. ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133 ಅನ್ನುತ್ತಿದ್ದೆವಲ್ಲ, ಅದರಲ್ಲಿ ಅವರು ಆದೇಶ ಮಾಡಬಹುದು. ದಾರಿಗೆ ಅಡ್ಡ ಇರುವುದು, ಬೀಳುವ ಹಾಗಿರುವ ಗೋಡೆ ಅಥವಾ ಮರ, ರಸ್ತೆ ಪಕ್ಕದ ಬೇಲಿಯಿಲ್ಲದ ಬಾವಿ, ಆರೋಗ್ಯ ಕೆಡಿಸುವ ಕಸುಬು ಎಲ್ಲ ಅದರಲ್ಲಿ ಬರುತ್ತವೆ. ಇಷ್ಟು ದಿನದಲ್ಲಿ ಸರಿಮಾಡು, ಇಲ್ಲವೇ ಬಂದು ಯಾಕೆ ಮಾಡಬಾರದು ಅಂತ ಹೇಳು, ಇದು ಆದೇಶದ ರೂಪ. ಆದರೆ ಒಂದು ಮಾತು. ತೊಂದರೆ ಸಾರ್ವಜನಿಕರಿಗೆ ಆಗಿರಬೇಕು. ನಿಮಗೂ ಪಕ್ಕದ ಮನೆಯವರಿಗೂ ಮಾತ್ರ ಸಂಬಂಧಪಟ್ಟ ಸಜ್ಜಾ ನೀರಿನ ಜಗಳಕ್ಕೆ ಸಿವಿಲ್ ಕೋರ್ಟೇ ಗತಿ.

ಈ 133ನೇ ಕಲಂ ದೇಶಕ್ಕೆಲ್ಲ ಗೊತ್ತಾದದ್ದು ಮಧ್ಯಪ್ರದೇಶದ ರತ್ಲಾಂ ಊರಿನಿಂದ. ಅಲ್ಲಿನ ಒಂದು ವಾರ್ಡಿನ ಜನ ಮ್ಯಾಜಿಸ್ಟ್ರೇಟರ ಹತ್ತಿರ ಹೋದರು. ಅವರ ದೂರು ಪಕ್ಕದ ಮನೆಯವರ ಮೇಲಲ್ಲ, ಪುರಸಭೆಯ ಮೇಲೆ. ತೆರೆದ ಮೋರಿ, ಆಲ್ಕೋಹಾಲ್ ಕಾರ್ಖಾನೆಯಿಂದ ರಸ್ತೆಗೆ ಹರಿಯುವ ನಾರುವ ನೀರು, ಕಕ್ಕಸು ಇಲ್ಲದೆ ಚರಂಡಿ ಅಂಚಿನಲ್ಲೇ ಕೂರುವ ಬಡವರು. ಮ್ಯಾಜಿಸ್ಟ್ರೇಟರು ಸರಿಮಾಡಿ ಅಂದರು. ಸೆಷನ್ಸ್ ಕೋರ್ಟು ಆ ಆದೇಶ ತೆಗೆದುಹಾಕಿತು, ಹೈಕೋರ್ಟು ಮತ್ತೆ ಎತ್ತಿ ಹಿಡಿಯಿತು. ಪುರಸಭೆ ಸುಪ್ರೀಂ ಕೋರ್ಟಿಗೆ ಹೋಯಿತು. ಅವರ ವಾದ ನಮಗೆಲ್ಲ ಬಾಯಿಪಾಠ: ದುಡ್ಡಿಲ್ಲ. ಎಲ್ಲ ಗೊತ್ತಿದ್ದೇ ಆ ಜಾಗದಲ್ಲಿ ಮನೆ ಕಟ್ಟಿಕೊಂಡವರು ಈಗ ದೂರುತ್ತಾರೆ ಅಂತಲೂ ಹೇಳಿದರು.

1980ರ ಜುಲೈನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದರು. ಜೊತೆಗಿದ್ದವರು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ. ದುಡ್ಡಿಲ್ಲ ಅನ್ನುವುದು ನೆಪ ಆಗುವುದಿಲ್ಲ ಅಂತ ಹೇಳಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಾರ್ಖಾನೆ ನೀರು ನಿಲ್ಲಿಸಿ, ಕಕ್ಕಸು ಕಟ್ಟಿಸಿ, ಆ ವಾರ್ಡಿನಲ್ಲಿ ಸೊಳ್ಳೆ ಹುಟ್ಟದ ಹಾಗೆ ಮಲೇರಿಯಾ ವಿಭಾಗಕ್ಕೆ ಹೇಳಿ ಅಂತ ಒಂದೊಂದಾಗಿ ಬರೆದರು. ಆ ಬಡವರನ್ನು ಎಬ್ಬಿಸಿ ಓಡಿಸಿ ಅನ್ನದೆ ಅವರಿಗೆ ಕಕ್ಕಸು ಕಟ್ಟಿಸಿ ಅಂದರಲ್ಲ, ನನಗೆ ಹಿಡಿಸಿದ್ದು ಅದು.

ಯಾಕೆಂದರೆ ನಮ್ಮಲ್ಲಿ ನ್ಯೂಸೆನ್ಸ್ ಕಾನೂನು ಮೊದಲು ಬೀಳುವುದು ತಳ್ಳುಗಾಡಿಯವರ ಮೇಲೆ. ನಾಲ್ಕು ಹಂದಿ ಸಾಕಿದವನಿಗೆ ಒಂದೇ ದಿನದಲ್ಲಿ ನೋಟಿಸು ಹೋಗುತ್ತದೆ. ಫಂಕ್ಷನ್ ಹಾಲಿನವರು ಎಂಜಲೆಲೆ ಮೋರಿಗೆ ಸುರಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಹತ್ತರ ಮೇಲೆ ಮುಚ್ಚಿದ ಹಾಲಿನ ಹೊರಗೆ ಧ್ವನಿವರ್ಧಕ ಹಾಕಬಾರದು ಅಂತ 2000ದ ನಿಯಮ ಇದೆ, ಅದೂ ಯಾರ ಕಿವಿಗೂ ಬೀಳುವುದಿಲ್ಲ. ಹಗೆ ತೀರಿಸಿಕೊಳ್ಳಲು ಬರುವ ಕಕ್ಷಿದಾರರನ್ನೂ ಬೇಕಾದಷ್ಟು ನೋಡಿದ್ದೇನೆ. ಮನೆ ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಜಾಗ ಬಿಟ್ಟಿಲ್ಲ ಅಂತ ಪಕ್ಕದವನ ಮೇಲೆ ದೂರು ಕೊಡುತ್ತಾರೆ. ನಿಮ್ಮ ಮನೆಯ ಪ್ಲಾನು ತನ್ನಿ ಅಂದರೆ ಆಮೇಲೆ ಆಫೀಸಿಗೆ ತಲೆ ಹಾಕುವುದಿಲ್ಲ. ಅದಕ್ಕೇ ನೋಟಿಸಿಗೆ ಇಷ್ಟು ಬೆಲೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು, ಕಟ್ಟಡ ಕೆಡವುವ ಮುಂಚೆ ಹದಿನೈದು ದಿನದ ನೋಟಿಸು ಕೊಡಲೇಬೇಕು, ಮಾಲೀಕರ ಮಾತು ಕೇಳಲೇಬೇಕು ಅಂತ ಹೇಳಿತು. ರಸ್ತೆ, ಫುಟ್‌ಪಾತ್, ಕೆರೆಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಿಯಾಯಿತಿ ಇಲ್ಲ. ಎದುರಾಳಿಗೆ ನೋಟಿಸು ಸಿಗುವುದು ದೂರು ಕೊಟ್ಟವರಿಗೂ ಒಳ್ಳೆಯದೇ. ನೋಟಿಸು ಸಿಗದೆ ಮಾಡಿದ ಆದೇಶ ಮೇಲಿನ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ನಮ್ಮ ಸೈಟಿಗೆ ಕೊನೆಗೆ ಏನಾಯಿತು ಅಂತ ಕೇಳುತ್ತೀರಿ. ಯಜಮಾನರ ಮೊಮ್ಮಗ ಬೆಂಗಳೂರಿನಲ್ಲಿ ಇದ್ದಾನೆ ಅಂತ ಅವರ ಬೀಗರ ಕಡೆಯಿಂದ ಗೊತ್ತಾಯಿತು. ಅವನ ಹೆಸರಿಗೆ ಎರಡನೇ ನೋಟಿಸು ಹೋಯಿತು. ಒಂದು ಭಾನುವಾರ ಬಂದ. ಸಿಟ್ಟಿನಲ್ಲೇ ಬಂದಿದ್ದ. "ಅಂಕಲ್, ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲ" ಅಂದ. ಹೌದು, ಸಾಕಿತ್ತು. ನನ್ನ ಹತ್ತಿರ ಅವನ ನಂಬರ್ ಇರಲಿಲ್ಲ, ಅವನಿಗೆ ತನ್ನ ಸೈಟು ಎಲ್ಲಿದೆ ಅಂತ ನೆನಪಿರಲಿಲ್ಲ. ಇಬ್ಬರೂ ಸೇರಿ ಕಮೋಡು ಎತ್ತಿ ಟ್ರ್ಯಾಕ್ಟರಿಗೆ ಹಾಕಿದೆವು. ಪಾರ್ಥೇನಿಯಂ ಹೂ ಬಿಡುವ ಮುಂಚೆ ಕೀಳಿಸಿದ, ಕಲ್ಲುಕಂಬ ನೆಟ್ಟು ತಂತಿ ಬೇಲಿ ಹಾಕಿಸಿದ. ಖಾತೆ ಬದಲಾವಣೆಗೂ ಅರ್ಜಿ ಕೊಟ್ಟಿದ್ದಾನೆ, ಚಿಕ್ಕಪ್ಪನ ಸಹಿ ಒಂದು ಬಾಕಿ ಇದೆಯಂತೆ.

ಈಗ ಕಸ ಬೇಲಿಯ ಹೊರಗೆ, ಮೋರಿಗೂ ರಸ್ತೆಗೂ ನಡುವೆ ಬೀಳುತ್ತಿದೆ. ಆ ಆರು ಅಡಿ ಪುರಸಭೆಯದು. ಅರ್ಜಿ ಬರೆದು ತಂದಿದ್ದೇನೆ, ಮೇಲೆ ರತ್ಲಾಂ ತೀರ್ಪಿನ ಪ್ರತಿ ಲಗತ್ತಿಸಿದೆ. ನಾಳೆ ಮುಖ್ಯಾಧಿಕಾರಿಗಳಿಗೆ ಕೊಡುವುದು. ನಮ್ಮ ವಾರ್ಡಿನವರು ಯಾರಾದರೂ ಇದ್ದರೆ, ಕಾಫಿ ಕುಡಿಯುವಾಗ ಬಂದು ಸಹಿ ಹಾಕಿ. ಪೆನ್ನು ನನ್ನ ಹತ್ತಿರ ಇದೆ.