ಕೊನೆಯ ಹದಿನಾರು ಪುಟ ಎಲ್ಲಿ?

ಹಾಸನ ಬಿಟ್ಟು ಅರ್ಧ ಗಂಟೆ ಆಯ್ತು. ವಿಡಿಯೋದಲ್ಲಿ ರಸ್ತೆ ನಿಮಗೇ ಕಾಣುತ್ತಿದೆ. ಗಾಡಿ ನಮ್ಮಣ್ಣನದು, ಆ ಕಟಕಟ ಸದ್ದೂ ಅವನದೇ. ಹೊರಟಿರುವುದು ಶೆಟ್ಟಿಹಳ್ಳಿ ಚರ್ಚಿಗೆ. ಬ್ಯಾಗಿನಲ್ಲಿರುವ ಪುಸ್ತಕದ ಕೊನೆಯನ್ನು ಅಲ್ಲೇ ಕೂತು ಓದಬೇಕು ಅಂತ ಪ್ಲಾನ್. ಹೌದು, ಶೋಕಿ ಜಾಸ್ತಿ.

ಪುಸ್ತಕ ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’. ಜಾನ್ ಗ್ರೀನ್ ಬರೆದದ್ದು, 2012ರದ್ದು. ನೀವೆಲ್ಲ ಪಿಯುಸಿಯಲ್ಲೇ ಓದಿ, ಅತ್ತು, ಮುಗಿಸಿರುತ್ತೀರಿ. ನಾನು ಲೇಟು. ಹೇಜಲ್‌ಗೆ 16 ವರ್ಷ. ಥೈರಾಯ್ಡ್ ಕ್ಯಾನ್ಸರ್, ಶ್ವಾಸಕೋಶಕ್ಕೂ ಹರಡಿದೆ. ಎಲ್ಲಿಗೆ ಹೋದರೂ ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡೇ ಹೋಗಬೇಕು. ಗಸ್‌ಗೆ 17, ಮೂಳೆ ಕ್ಯಾನ್ಸರ್‌ಗೆ ಒಂದು ಕಾಲು ಹೋಗಿದೆ. ಇಂಡಿಯಾನಾಪೊಲಿಸ್‌ನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಇಂಥ ಮಕ್ಕಳು ಕೂತು ಮಾತಾಡುವ ಗುಂಪೊಂದಿದೆ, ಅಲ್ಲಿ ಇಬ್ಬರೂ ಸಿಗುತ್ತಾರೆ.

ಈ ಗಸ್ ಬಾಯಲ್ಲಿ ಸಿಗರೇಟು ಇಟ್ಟುಕೊಳ್ಳುತ್ತಾನೆ, ಹಚ್ಚುವುದಿಲ್ಲ. ಅದೇನೋ ರೂಪಕವಂತೆ. ನಮ್ಮ ಬೀದಿಯ ಹುಡುಗ ಹೀಗೆ ಮಾಡಿದ್ದರೆ ಅವನಜ್ಜಿ ಬೆನ್ನಿಗೆ ಎರಡು ಬಿಟ್ಟು ರೂಪಕ ಇಳಿಸುತ್ತಿದ್ದರು.

ಇರಿ, ಪುಸ್ತಕ ತೋರಿಸುತ್ತೇನೆ. ಫೋಕಸ್ ಆಗಲಿ. ಫುಟ್‌ಪಾತಿನಲ್ಲಿ ತೆಗೆದುಕೊಂಡದ್ದು. 180 ಹೇಳಿದ, 150ಕ್ಕೆ ಕೊಟ್ಟ. ಗೆದ್ದೆ ಅಂದುಕೊಂಡು ಬಂದೆ. ಮೊನ್ನೆ ರಾತ್ರಿ ಓದುತ್ತಾ ಪುಟ ತಿರುವಿದರೆ ರಟ್ಟು! ಮಾತು ಅರ್ಧಕ್ಕೇ ನಿಂತಿದೆ. ತಮಾಷೆ ಏನು ಗೊತ್ತಾ? ಈ ಕಥೆಯೊಳಗೆ ಹೇಜಲ್ ಪ್ರಾಣಕ್ಕಿಂತ ಹೆಚ್ಚು ಹಚ್ಚಿಕೊಂಡ ಒಂದು ಕಾದಂಬರಿ ಇದೆ. ಅದೂ ಹೀಗೇ, ವಾಕ್ಯದ ಮಧ್ಯದಲ್ಲೇ ನಿಲ್ಲುತ್ತದೆ. ಮುಂದೇನಾಯ್ತು ಎಂದು ಕೇಳುವುದಕ್ಕೆ ಆ ಹುಡುಗಿ ಆಮ್‌ಸ್ಟರ್‌ಡ್ಯಾಮ್‌ವರೆಗೂ ಹೋಗುತ್ತಾಳೆ. ಅದನ್ನು ಬರೆದ ಮನುಷ್ಯ ಕುಡುಕ, ಕೆಟ್ಟದಾಗಿ ಮಾತಾಡಿ ಕಳಿಸುತ್ತಾನೆ. ಹಾಗಾಗಿ ಇದೂ ಅಂಥದೇ ಆಟ ಅಂದುಕೊಂಡೆ. ಆಹಾ, ಎಂಥ ಮುಕ್ತಾಯ ಅಂತ ಮೆಚ್ಚಿಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ನಡುವಿನ ಒಂದು ಫಾರಂ, ಅಂದರೆ ಒಟ್ಟಿಗೆ ಮಡಿಸಿದ ಪುಟಗಳ ಕಟ್ಟು, ಎರಡು ಸಲ ಸೇರಿಸಿದ್ದಾರೆ, ಕೊನೆಯ ಫಾರಂ ಇಲ್ಲವೇ ಇಲ್ಲ. ಹದಿನಾರು ಪುಟ!

ವಾಪಸ್ ಹೋಗಿ ಕೇಳಿದೆ. “ಇಷ್ಟು ಓದಿದ್ದೀರಲ್ಲ ಮೇಡಂ, ಕೊನೆಗೆ ಏನಾಗುತ್ತೆ ಅಂತ ಗೊತ್ತಾಗಲಿಲ್ವಾ?” ಅಂದ. ಬೇಕಾದರೆ ಇನ್ನೊಂದು 120ಕ್ಕೆ ಕೊಡುತ್ತಾನಂತೆ. ಅಂದರೆ ಮೊದಲನೆಯದಕ್ಕೇ 30 ರೂಪಾಯಿ ಟೋಪಿ ಬಿದ್ದಿತ್ತು. ಕಳ್ಳ ಮುದ್ರಣ ಕೊಂಡದ್ದು ನನ್ನ ತಪ್ಪು, ಒಪ್ಪಿದೆ. ಆದರೂ ಆ 30 ರೂಪಾಯಿ ಹೊಟ್ಟೆ ಉರಿಸುತ್ತಿದೆ.

ಹಾಂ, ಚರ್ಚ್ ಬಂತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಇಲ್ಲಿಗೆ ಬಂತು. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ. ಈಗ ಬೇಸಿಗೆ, ಒಳಗೇ ಓಡಾಡಬಹುದು. ಸೂರಿಲ್ಲ. ಬಿಸಿಲು ನೆತ್ತಿಗೇ ಹೊಡೆಯುತ್ತಿದೆ, ಈ ಕಮಾನಿನ ನೆರಳಿಗೆ ಬರುತ್ತೇನೆ.

ಎಲ್ಲಿದ್ದೆ? ಪ್ರೀತಿಯ ಕಥೆ ನನಗೆ ತಾಗಲಿಲ್ಲ. ಅಲ್ಲ, ಸುಳ್ಳು. ನಾಜಿಗಳಿಗೆ ಹೆದರಿ ಅಡಗಿ ಕೂತು ಡೈರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಇದ್ದ ಮನೆಯ ಕಡಿದಾದ ಮೆಟ್ಟಿಲನ್ನು ಹೇಜಲ್ ಏದುಸಿರು ಬಿಡುತ್ತಾ ಹತ್ತುವಾಗ ನಾನೂ ಉಸಿರು ಹಿಡಿದಿದ್ದೆ. ಹತ್ತಿದ ಮೇಲೆ ಅಲ್ಲೇ ಮುತ್ತು, ಸುತ್ತಲಿದ್ದವರ ಚಪ್ಪಾಳೆ. ಆ ಮನೆಯಲ್ಲಿ ಅದು ಬೇಕಿತ್ತಾ? ಕೊನೆಗೆ ಹೋಗುವುದು ಹೇಜಲ್ ಅಲ್ಲ, ಗಸ್. ಇಷ್ಟು ವರ್ಷ ಆದ ಮೇಲೆ ಗುಟ್ಟೇನು ಬಂತು.

ನನ್ನನ್ನು ಅಳಿಸಿದ್ದು ಅವನಲ್ಲ, ಹೇಜಲ್‌ಳ ಅಮ್ಮ. ಮಗಳು ಐಸಿಯುನಲ್ಲಿದ್ದಾಗ, ಇನ್ನು ನಾನು ಅಮ್ಮನಾಗಿ ಇರುವುದಿಲ್ಲ ಎಂದು ಗಂಡನ ಎದೆಗೊರಗಿ ಅಳುತ್ತಾಳೆ. ಮಗಳ ಕಿವಿಗೆ ಬಿದ್ದುಬಿಡುತ್ತದೆ. ಆಮೇಲೆ ಗೊತ್ತಾಗುತ್ತದೆ, ಆ ಅಮ್ಮ ಗುಟ್ಟಾಗಿ ಓದುತ್ತಿದ್ದಾಳೆ. ನಮ್ಮಲ್ಲಿ ಎಂಎಸ್‌ಡಬ್ಲ್ಯೂ ಅನ್ನುತ್ತೇವಲ್ಲ, ಸಮಾಜಕಾರ್ಯದ ಓದು, ಅದೇ. ನೀನು ಹೋದ ಮೇಲಿನ ಬದುಕಿಗೆ ತಯಾರಾಗುತ್ತಿದ್ದೇನೆ ಎಂದು ಮಗಳಿಗೆ ಹೇಗೆ ಹೇಳುವುದು? ಹೇಜಲ್‌ಗೆ ತಿಳಿದಾಗ ಖುಷಿಯಾಗುತ್ತದೆ. ಆ ಖುಷಿಗೇ ನಾನು ಅತ್ತದ್ದು.

ನಮ್ಮತ್ತೆಗೆ ಎದೆಯಲ್ಲಿ ಗಂಟು ಬಂದಾಗ ಬೆಳಗಿನ ಬಸ್ಸಿಗೆ ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಿದ್ದರು. ಪಕ್ಕದ ಮನೆಯವರಿಗೆ ಹೇಳಿದ್ದು ಗ್ಯಾಸ್ಟ್ರಿಕ್. ಮನೆಯೊಳಗೂ ಗ್ಯಾಸ್ಟ್ರಿಕ್. ಅತ್ತೆಗೆ ಗೊತ್ತಿತ್ತು. ನಮಗೆ ಗೊತ್ತಿದೆ ಎಂಬುದೂ ಅವರಿಗೆ ಗೊತ್ತಿತ್ತು. ಆದರೂ ಎರಡು ವರ್ಷ ಆ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಈ ಪುಸ್ತಕದ ಮಕ್ಕಳು ಅದರ ಮೇಲೇ ಜೋಕು ಮಾಡುತ್ತಾರೆ. ಮೊದಲು ಸಿಟ್ಟು ಬಂತು. ಆಮೇಲೆ ಹೊಟ್ಟೆಕಿಚ್ಚು. ಅತ್ತೆ ಈಗ ಆರಾಮಾಗಿದ್ದಾರೆ, ನನ್ನ ಎಲ್ಲ ವಿಡಿಯೋ ನೋಡುತ್ತಾರೆ. ಅತ್ತೆ, ಗ್ಯಾಸ್ಟ್ರಿಕ್ ಹೇಗಿದೆ?

ಇನ್ನೊಂದು. ಹೇಜಲ್‌ಳ ಗಡ್ಡೆ ಬೆಳೆಯದ ಹಾಗೆ ತಡೆದ ಔಷಧಿ ಇದೆಯಲ್ಲ, ಗೂಗಲ್ ಮಾಡಿದೆ. ಅಂಥ ಔಷಧಿಯೇ ಇಲ್ಲ, ಲೇಖಕರು ಹುಟ್ಟಿಸಿದ್ದು. ಮೋಸ ಅಂತ ಕೂಗಾಡಿದೆ. ನೋಡಿದರೆ ಪುಸ್ತಕದ ಕೊನೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರಂತೆ. ಕೊನೆಯಲ್ಲಿ! ನನ್ನ ಹತ್ತಿರ ಇಲ್ಲದ ಪುಟದಲ್ಲಿ.

ಗೆಳತಿ ಅವಳ ಪುಸ್ತಕದಿಂದ ಆ ಪುಟಗಳ ಫೋಟೋ ಕಳಿಸಿದ್ದಾಳೆ. ಇಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ. ಒಂದು ಬಂತು. ಗಸ್ ಬರೆದ ಪತ್ರ, ಹೇಜಲ್ ಬಗ್ಗೆ. ಒಂದು ನಿಮಿಷ.

ಸಿಗರೇಟಿನ ಬಗ್ಗೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಅಜ್ಜಿ ಎರಡರ ಬದಲು ಒಂದೇ ಬಿಡಲಿ. ಮುಂದಿನ ಪುಟ ಸುತ್ತುತ್ತಲೇ ಇದೆ. ಬ್ಯಾಟರಿಯೂ ಕೆಂಪಾಯ್ತು. ಸಿಗ್ನಲ್ ಹುಡುಕಿಕೊಂಡು ಮೇಲೆ ರಸ್ತೆಗೆ ಹೋಗುತ್ತೇನೆ. ಗಾಡಿ ಕೀ ಎಲ್ಲಿಟ್ಟೆ?