ಬಿಲ್ಲಿ ರಫಿಯನ್ ಎಂಬ ಹಡಗು

ಕೇಳುಗರಿಗೆ ನಮಸ್ಕಾರ. ಇವತ್ತು ಬ್ರಿಟಿಷರ ಒಂದು ಮರದ ಯುದ್ಧಹಡಗಿನ ಕಥೆ ಹೇಳುತ್ತೇನೆ. ಅದರ ಹೆಸರು ಬೆಲ್ಲೆರೋಫಾನ್, ಗ್ರೀಕ್ ಪುರಾಣದ ಒಬ್ಬ ವೀರನದು. ಖಲಾಸಿಗಳ ನಾಲಿಗೆ ಅದಕ್ಕೆ ಹೊರಳಲಿಲ್ಲ. ಅವರ ಬಾಯಲ್ಲಿ ಅದು 'ಬಿಲ್ಲಿ ರಫಿಯನ್', ಅಂದರೆ ಪುಂಡ ಬಿಲ್ಲಿ.

1786ರಲ್ಲಿ ಇಂಗ್ಲೆಂಡಿನ ಮೆಡ್ವೇ ನದಿಯಲ್ಲಿ ಇದು ನೀರಿಗಿಳಿಯಿತು. 74 ಫಿರಂಗಿ, ಐನೂರಕ್ಕೂ ಜಾಸ್ತಿ ಜನ.

1798ರ ಆಗಸ್ಟ್ 1ರ ರಾತ್ರಿ, ಈಜಿಪ್ಟಿನ ಅಬುಕಿರ್ ಕೊಲ್ಲಿ. ಬ್ರಿಟಿಷ್ ನೌಕಾಧಿಪತಿ ನೆಲ್ಸನ್ನನ ಪಡೆ ಫ್ರೆಂಚರ ಹಡಗುಗಳ ಮೇಲೆ ಬಿತ್ತು. ಬಿಲ್ಲಿ ಲಂಗರು ಹಾಕಿದ್ದು ಲೋರಿಯಾಂ ಎಂಬ ಫ್ರೆಂಚ್ ಹಡಗಿನ ಪಕ್ಕದಲ್ಲೇ. ಅದರಲ್ಲಿ ಸುಮಾರು 120 ಫಿರಂಗಿ! ಬಿಲ್ಲಿಯ ಮೂರೂ ಕೂವೆಕಂಬ ಮುರಿದು ಬಿದ್ದವು. ಸತ್ತವರು, ಗಾಯಗೊಂಡವರು ಸೇರಿ ಇನ್ನೂರರ ಹತ್ತಿರ.

ಫ್ರೆಂಚರು ಸೋತರು. ನೆಪೋಲಿಯನ್ನನ ಸೈನ್ಯ ಈಜಿಪ್ಟಿನಲ್ಲೇ ಸಿಕ್ಕಿಬಿತ್ತು. ಅಲ್ಲಿಂದಲೇ ಅವನು 1799ರ ಜನವರಿಯಲ್ಲಿ ನಮ್ಮ ಟಿಪ್ಪು ಸುಲ್ತಾನನಿಗೆ ಪತ್ರ ಬರೆದ. ಅದು ಶ್ರೀರಂಗಪಟ್ಟಣ ತಲುಪಲೇ ಇಲ್ಲ, ದಾರಿಯಲ್ಲೇ ಬ್ರಿಟಿಷರ ಪಾಲಾಯಿತು. ಮೇ 4ಕ್ಕೆ ಕೋಟೆಯೂ ಬಿತ್ತು.

1805ರಲ್ಲಿ ಸ್ಪೇನ್ ಕರಾವಳಿಯ ಬಳಿ, ಫ್ರೆಂಚರು ಮತ್ತು ಸ್ಪೇನಿನವರ ವಿರುದ್ಧ ಟ್ರಫಾಲ್ಗರ್ ಕದನ. ಕ್ಯಾಪ್ಟನ್ ಜಾನ್ ಕುಕ್ ಹಡಗಿನ ಮೇಲೇ ಗುಂಡೇಟಿಗೆ ಸತ್ತ. ವಿಲಿಯಂ ಕಂಬಿ ಎಂಬ ಲೆಫ್ಟಿನೆಂಟ್ ಹಡಗಿನ ಹೊಣೆ ಹೊತ್ತ. ಅಷ್ಟರಲ್ಲಿ ಶತ್ರು ಎಸೆದ ಕೈಬಾಂಬೊಂದು ಒಳಗಿನ ಉಗ್ರಾಣದಲ್ಲಿ ಸಿಡಿಯಿತು. ಆಚೆಗೇ ಸಿಡಿಮದ್ದಿನ ಕೋಣೆ! ಸಿಡಿದ ರಭಸಕ್ಕೆ ಉಗ್ರಾಣದ ಬಾಗಿಲು ತೆರೆದುಕೊಂಡಿತು. ಅದೇ ರಭಸಕ್ಕೆ ಮದ್ದಿನ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಅದು ತೆರೆದಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲ, ಅಲ್ವಾ? ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

1815ರ ಜುಲೈ 15. ವಾಟರ್‌ಲೂನಲ್ಲಿ ಸೋತ ನೆಪೋಲಿಯನ್ ಇದೇ ಹಡಗು ಹತ್ತಿ ಶರಣಾದ. ಇಂಗ್ಲೆಂಡಿನ ಪ್ಲಿಮತ್ ಬಂದರಿನಲ್ಲಿ ಅವನನ್ನು ನೋಡಲು ಜನ ದೋಣಿ ಕಟ್ಟಿಕೊಂಡು ಮುಗಿಬಿದ್ದರು. ಆದರೆ ಇಂಗ್ಲೆಂಡಿನ ನೆಲ ಮೆಟ್ಟಲು ಅವನನ್ನು ಬಿಡಲಿಲ್ಲ. ಆಗಸ್ಟ್ 7ರಂದು ಬೇರೆ ಹಡಗಿಗೆ ದಾಟಿಸಿ ಸೇಂಟ್ ಹೆಲೆನಾ ದ್ವೀಪಕ್ಕೆ ಕಳಿಸಿದರು.

ಅಲ್ಲಿಗೆ ಬಿಲ್ಲಿಯ ಓಡಾಟ ಮುಗಿಯಿತು. ಅದನ್ನು ಜೈಲು ಮಾಡಿದರು. ಚಿಕ್ಕ ಹುಡುಗರನ್ನೂ ಅದರೊಳಗೆ ಕೂಡಿಹಾಕಿದರು. ನನಗೆ ಜಾಸ್ತಿ ನೋವಾಗುವುದು ಇದಕ್ಕೇ. 1824ರಲ್ಲಿ ಹೆಸರನ್ನೂ ಕಿತ್ತುಕೊಂಡು 'ಕ್ಯಾಪ್ಟಿವಿಟಿ' ಎಂದಿಟ್ಟರು, ಅಂದರೆ ಸೆರೆ. 1836ರಲ್ಲಿ ಮಾರಿ, ಒಡೆದುಹಾಕಿದರು.

ಅಬುಕಿರ್‌ನ ಆ ರಾತ್ರಿ ಬಿಲ್ಲಿಯಲ್ಲಿ ವೈದ್ಯನಾಗಿದ್ದವನು ಜಾರ್ಜ್ ಬೆಲ್ಲಮಿ. ಒಡೆದ ಹಡಗಿನ ಒಂದಷ್ಟು ಭಾಗ ಅವನೇ ಕೊಂಡ. ಪ್ಲಿಮತ್ ಹತ್ತಿರ ಒಂದು ಮನೆಗೆ ಅವನ್ನು ಕೂಡಿಸಿದ.